ಹಾವು ಕಚ್ಚಿದಾಗ ಇಪ್ಪತ್ತು ನಿಮಿಷದ ರಕ್ತಪರೀಕ್ಷೆ



ನಮ್ಮ ಕಂಬಂ ಕಣಿವೆಯಲ್ಲಿ ಭತ್ತದ ಕೊಯ್ಲು ಬಂತೆಂದರೆ ಇಲಿಗಳ ಹಿಂದೆ ಹಾವುಗಳೂ ಗದ್ದೆಗೆ ಇಳಿಯುತ್ತವೆ. ಅವುಗಳಲ್ಲಿ ಬಹಳ ಅಪಾಯಕಾರಿಯಾದುದು ಕೊಳಕುಮಂಡಲ. ತಮಿಳಿನಲ್ಲಿ ಇದಕ್ಕೆ ಕಣ್ಣಾಡಿ ವಿರಿಯನ್ ಎಂದು ಹೆಸರು. ಕಚ್ಚಿಸಿಕೊಂಡವರನ್ನು ಆಸ್ಪತ್ರೆಗೆ ಒಯ್ದಾಗ ವೈದ್ಯರು ಸ್ವಲ್ಪ ರಕ್ತ ತೆಗೆದು, ಗಾಜಿನ ಕೊಳವೆಗೆ ಹಾಕಿಟ್ಟು ಗಡಿಯಾರ ನೋಡುತ್ತಾರೆ. "ಇಂಜೆಕ್ಷನ್ ಕೊಡದೆ ಸುಮ್ಮನೆ ಕೂತಿದ್ದಾರೆ" ಎಂದು ಮನೆಯವರು ಜಗಳಕ್ಕೆ ನಿಲ್ಲುವುದನ್ನು ನಾವು ಕಂಡಿದ್ದೇವೆ. ಆ ಕೊಳವೆ ಏನು ಹೇಳುತ್ತದೆ ಎಂಬುದನ್ನು ಎಲ್ಲರೂ ತಿಳಿದಿರುವುದು ಒಳ್ಳೆಯದು.

ವಿಷ ಮಾಡುವ ಕೆಲಸ

ಗಾಯವಾದಾಗ ರಕ್ತ ತಾನಾಗಿ ಹೆಪ್ಪುಗಟ್ಟಿ ನಿಲ್ಲುತ್ತದೆ. ಅದಕ್ಕೆ ಬೇಕಾದ ವಸ್ತುಗಳು ರಕ್ತದಲ್ಲೇ ಇವೆ. ಮಂಡಲದ ಹಾವಿನ ವಿಷ ಇವನ್ನು ಒಮ್ಮೆಲೇ ಕೆರಳಿಸಿ ಖರ್ಚು ಮಾಡಿಬಿಡುತ್ತದೆ. ಬಿತ್ತನೆಗೆ ಇಟ್ಟ ಕಾಳನ್ನೂ ಒಂದೇ ದಿನ ಉಂಡು ಮುಗಿಸಿದ ಮನೆಯಂತೆ ರಕ್ತ ಬರಿದಾಗುತ್ತದೆ. ಆಮೇಲೆ ಒಸಡಿನಲ್ಲಿ, ಮೂತ್ರದಲ್ಲಿ, ಕೆಲವೊಮ್ಮೆ ಮೆದುಳಿನಲ್ಲೂ ರಕ್ತ ಸೋರುತ್ತದೆ. ಮೂತ್ರಪಿಂಡಗಳೂ ಕೆಡಬಹುದು.

ಪರೀಕ್ಷೆಯ ವಿಧಾನ

ರಕ್ತನಾಳದಿಂದ ಸುಮಾರು 2 ಮಿಲಿಲೀಟರ್ ರಕ್ತ ತೆಗೆದು, ಹೊಸದಾದ, ಒಣಗಿದ, ಶುಭ್ರ ಗಾಜಿನ ಕೊಳವೆಯಲ್ಲಿ 20 ನಿಮಿಷ ಅಲುಗಾಡಿಸದೆ ಇಡುತ್ತಾರೆ. ಬಳಿಕ ಒಮ್ಮೆ ಬಗ್ಗಿಸಿ ನೋಡುತ್ತಾರೆ. ಹೆಪ್ಪುಗಟ್ಟದೆ ನೀರಿನಂತೆ ಹರಿದರೆ ವಿಷ ರಕ್ತಕ್ಕೆ ಏರಿದೆ ಎಂದು ಅರ್ಥ. ಕೊಳವೆ ಪ್ಲಾಸ್ಟಿಕ್ಕಿನದಾಗಿದ್ದರೆ ಅಥವಾ ಸೋಪಿನ ಅಂಶ ಉಳಿದಿದ್ದರೆ ಫಲಿತಾಂಶ ತಪ್ಪುತ್ತದೆ. 1970ರ ದಶಕದಲ್ಲಿ ನೈಜೀರಿಯದಲ್ಲಿ ಡಾ. ಡೇವಿಡ್ ವಾರೆಲ್ ಮತ್ತು ಸಂಗಡಿಗರು ಬಳಸಿದ ಈ ಪರೀಕ್ಷೆಗೆ ವಿದ್ಯುತ್ತೂ ಬೇಡ, ಯಂತ್ರವೂ ಬೇಡ. ದೊಡ್ಡ ಆಸ್ಪತ್ರೆಗಳಲ್ಲಿ ಹೃದಯದ ಶಸ್ತ್ರಚಿಕಿತ್ಸೆಯ ವೇಳೆ ರೋಗಿಯ ಪಕ್ಕದಲ್ಲೇ ಹೆಪ್ಪಿನ ಬಲ ಅಳೆಯುವ ಯಂತ್ರಗಳಿವೆ. ಯಾವ ಔಷಧಿ, ಎಷ್ಟು ಎಂದು ತಿಳಿಯುವುದೇ ಎರಡರ ಗುರಿ.

ಕಾಯುವುದು ಏಕೆ?

ಪ್ರತಿವಿಷವನ್ನು ಕುದುರೆಯ ರಕ್ತದಿಂದ ತಯಾರಿಸುತ್ತಾರೆ. ಅದು ಕೆಲವರ ಮೈಗೆ ಒಗ್ಗದೆ ಉಸಿರು ಕಟ್ಟಬಹುದು, ರಕ್ತದೊತ್ತಡ ಇಳಿಯಬಹುದು. ಹಾವು ಕಚ್ಚಿಯೂ ವಿಷ ಬಿಡದಿರುವುದುಂಟು. ಆದ್ದರಿಂದ ಗುರುತಿಲ್ಲದೆ ಕೊಡುವುದಿಲ್ಲ. ರಕ್ತ ಸೋರುವುದು ಮೊದಲಾದ ಸ್ಪಷ್ಟ ಗುರುತುಗಳಿದ್ದರೆ 20 ನಿಮಿಷವನ್ನೂ ಕಾಯುವುದಿಲ್ಲ. ಮಂಡಲದ ಕಡಿತಕ್ಕೆ ಸಾಮಾನ್ಯವಾಗಿ ಮೊದಲು 10 ಬಾಟ್ಲಿಯಷ್ಟು ಕೊಡುತ್ತಾರೆ. ಹಾವು ಬಿಡುವ ವಿಷ ಒಂದೇ ಆದುದರಿಂದ ಮಕ್ಕಳಿಗೂ ಅಷ್ಟೇ.

ಖರ್ಚಾದ ವಸ್ತುಗಳನ್ನು ಪಿತ್ತಜನಕಾಂಗ ಮತ್ತೆ ತಯಾರಿಸಲು ಸುಮಾರು ಆರು ತಾಸು ಬೇಕು. ಆದ್ದರಿಂದ ಆರು ತಾಸಿಗೆ ಮತ್ತೆ ಕೊಳವೆ ಇಟ್ಟು, ರಕ್ತ ಇನ್ನೂ ಹೆಪ್ಪುಗಟ್ಟದಿದ್ದರೆ ಪ್ರತಿವಿಷ ಮುಂದುವರಿಸುತ್ತಾರೆ. ನೋವು ಇಳಿಯಿತೆಂದು ಇದಕ್ಕೆ ಮುಂಚೆ ರೋಗಿಯನ್ನು ಮನೆಗೆ ಕರೆತಂದರೆ ಪ್ರಾಣಕ್ಕೆ ಕುತ್ತು.

ಒಂದು ಎಚ್ಚರಿಕೆ: ಮೊದಲ ಸಲ ಹೆಪ್ಪುಗಟ್ಟಿತೆಂದು ನಿಶ್ಚಿಂತರಾಗಬಾರದು. ವಿಷ ನಿಧಾನವಾಗಿ ಏರಬಹುದು. ನಾಗರಹಾವು ಮತ್ತು ಕಟ್ಟುಹಾವಿನ ವಿಷ ನರಗಳಿಗೆ ತಾಗುತ್ತದೆ; ಅಲ್ಲಿ ರಕ್ತ ಸರಿಯಾಗಿಯೇ ಹೆಪ್ಪುಗಟ್ಟಬಹುದು. ರೆಪ್ಪೆ ಜೋತುಬಿದ್ದರೆ, ಮಾತು ತೊದಲಿದರೆ ಕೂಡಲೇ ವೈದ್ಯರಿಗೆ ತಿಳಿಸಬೇಕು. ಕಡಿದ ಮೇಲೆ ಒಂದು ದಿನವಾದರೂ ಆಸ್ಪತ್ರೆಯಲ್ಲಿರಬೇಕು.

ನೆನಪಿಡಬೇಕಾದವು

1. ಹಗ್ಗ ಬಿಗಿಯಬೇಡಿ, ಗಾಯ ಕೊಯ್ಯಬೇಡಿ, ವಿಷ ಹೀರಬೇಡಿ.

2. ಕಚ್ಚಿದ ಕೈಕಾಲನ್ನು ಮೂಳೆ ಮುರಿದಾಗ ಮಾಡುವಂತೆ ಪಟ್ಟಿ ಇಟ್ಟು ಅಲುಗದಂತೆ ಮಾಡಿ, 108ಕ್ಕೆ ಕರೆ ಮಾಡಿ.

3. ಕಚ್ಚಿದ ವೇಳೆ ನೆನಪಿಡಿ. ಹಾವನ್ನು ಹಿಡಿಯಲು ಹೋಗಬೇಡಿ.

4. ಮಂತ್ರ ಹಾಕುವವರ ಬಳಿ ಹೊತ್ತು ಕಳೆಯದೆ ನೇರವಾಗಿ ಆಸ್ಪತ್ರೆಗೆ ಹೋಗಿ.

5. ಗದ್ದೆಗೆ ಬೂಟು, ರಾತ್ರಿ ಹೊತ್ತಿಗೆ ಟಾರ್ಚು ಮರೆಯಬೇಡಿ.

ಒಂದು ಅಧ್ಯಯನದ ಅಂದಾಜಿನಂತೆ 2000ರಿಂದ 2019ರವರೆಗೆ ಭಾರತದಲ್ಲಿ ವರ್ಷಕ್ಕೆ ಸುಮಾರು 58,000 ಜನ ಹಾವು ಕಚ್ಚಿ ಸತ್ತರು. ಹೆಚ್ಚಿನವರು ಹಳ್ಳಿಯವರು. 2024ರ ನವೆಂಬರಿನಲ್ಲಿ ತಮಿಳುನಾಡು ಸರಕಾರ ಹಾವು ಕಡಿತವನ್ನು ಆಸ್ಪತ್ರೆಗಳು ವರದಿ ಮಾಡಲೇಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಹಿಂದೆ ಮಧುರೆಯವರೆಗೆ ಓಡಬೇಕಿದ್ದ ನಮಗೆ ಈಗ ತೇನಿಯಲ್ಲೂ ದಿಂಡಿಗಲ್ಲಿನಲ್ಲೂ ಸರಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ. ಬೇಗ ಹೋಗೋಣ, ಹೋದ ಮೇಲೆ ಆ ಇಪ್ಪತ್ತು ನಿಮಿಷವನ್ನೂ ಆರು ತಾಸನ್ನೂ ತಾಳ್ಮೆಯಿಂದ ಕಾಯೋಣ.