ಪ್ಯಾಟಿಯ ಕಸಕ್ಕೆ ಎರಡು ಬುಟ್ಟಿ

ಈ ಸಲದ ಗೋಡೆ ಪತ್ರಿಕೆಗೆ ಕಸದ ಬಗ್ಗೆ ಬರೆಯುತ್ತೇನೆ ಅಂದಾಗ ನಮ್ಮ ವರ್ಗದವರು ನಕ್ಕರು. "ಕಸದ ಬಗ್ಗೆ ಬರಿಯೂದು ಏನೈತಿ? ಉಡಗಬೇಕು, ಚೆಲ್ಲಬೇಕು" ಅಂದರು. ನಾನೂ ಮೊದಲು ಹಾಗೇ ತಿಳಿದಿದ್ದೆ. ದಸರಾ ಸೂಟಿಯಲ್ಲಿ ಬೆಟಗೇರಿಯ ನಮ್ಮ ಚಿಗವ್ವನ ಮನೆಗೆ ಹೋಗಿ ಬಂದ ಮೇಲೆ ಹಾಗೆ ಅನ್ನಿಸುತ್ತಿಲ್ಲ.

ಚಿಗವ್ವನ ಅಡಿಗಿ ಮನೆಯಲ್ಲಿ ಎರಡು ಬುಟ್ಟಿ ಇವೆ. ಹಸಿರು ಬುಟ್ಟಿ ಹಸಿ ಕಸಕ್ಕೆ, ನೀಲಿ ಬುಟ್ಟಿ ಒಣ ಕಸಕ್ಕೆ. ಮುಂಜಾನೆ ಕಸದ ಗಾಡಿ ಹಾಡು ಹಚ್ಚಿಕೊಂಡು ಓಣಿಗೆ ಬರುತ್ತದೆ. ಆಗ ಎಲ್ಲರೂ ಬುಟ್ಟಿ ಹಿಡಿದುಕೊಂಡು ಓಡುತ್ತಾರೆ, ನಾವು ಗದಗಿನ ಬಸ್ಸಿಗೆ ಓಡುವ ಹಾಗೆ.

ಒಂದು ದಿನ ಸಂಜೆ ಚಹಾ ಕುಡಿಯುವ ಗಾಜಿನ ಗ್ಲಾಸು ನನ್ನ ಕೈ ಜಾರಿ ಒಡೆಯಿತು. ಚಿಗವ್ವ ಬೈದಾಳು ಎಂದು ಹೆದರಿ ಚೂರುಗಳನ್ನು ಆರಿಸಿ ಹಸಿರು ಬುಟ್ಟಿಯ ತಳದಲ್ಲಿ, ಬದನಿಕಾಯಿ ತುಂಬು ಉಳ್ಳಾಗಡ್ಡಿ ಸಿಪ್ಪಿಯ ಕೆಳಗೆ ಮುಚ್ಚಿಟ್ಟೆ. ಮರುದಿನ ಗಾಡಿಯ ಅಕ್ಕ ಬುಟ್ಟಿ ಸುರುವಿಕೊಂಡು, ಪ್ಲಾಸ್ಟಿಕ್ ಏನಾದರೂ ಕೂಡಿದೆಯೋ ನೋಡಲು ಕೈಯಾಡಿಸಿದಳು. ಕೈಚೀಲ ಹಾಕಿದ್ದಳು, ಆದರೂ ಗಾಜು ಅದನ್ನು ಸೀಳಿ ಹೆಬ್ಬೆರಳಿಗೆ ನಟ್ಟಿತು. ರಕ್ತ ಸೋರಿತು. ಚಿಗವ್ವ ಓಡಿ ಬಂದು ತೊಳೆದು ಅರಿವಿ ಕಟ್ಟಿದಳು. ಆ ಅಕ್ಕ ಬೈಯಲಿಲ್ಲ. "ಗಾಜು ಇದ್ರ ಹಾಳ್ಯಾಗ ಸುತ್ತಿ ಬ್ಯಾರೆ ಕೊಡಬೇಕವಾ ತಂಗಿ, ನಾ ಇನ್ನೂ ಎಂಬತ್ತು ಮನಿ ಕಸ ಎತ್ತಬೇಕು" ಅಂದಳು. ಬೈದಿದ್ದರೇ ಚಲೋ ಇತ್ತು. ನಾನು ಅಂದು ಮಧ್ಯಾಹ್ನ ಊಟ ಮಾಡಲಿಲ್ಲ. ರಾತ್ರಿ ಚಿಗವ್ವನಿಗೆ ನಿಜ ಹೇಳಿದೆ. ಆಗ ಅವಳು ಕೂಡ್ರಿಸಿಕೊಂಡು ಇದನ್ನೆಲ್ಲ ತಿಳಿಸಿದಳು. ಉಳಿದದ್ದನ್ನು ನಮ್ಮ ವಿಜ್ಞಾನದ ಟೀಚರನ್ನು ಕೇಳಿ ಬರೆದಿದ್ದೇನೆ.

ಹಸಿ ಕಸ ಎಂದರೆ ಕೊಳೆಯುವಂಥದು. ಕಾಯಿಪಲ್ಲೆ ಸಿಪ್ಪಿ, ಉಳಿದ ಅನ್ನ ಸಾರು, ಸೋಸಿದ ಚಹಾಪುಡಿ, ತತ್ತಿ ಸಿಪ್ಪಿ, ಬಾಡಿದ ಹೂವು. ಇದು ಗೊಬ್ಬರವಾಗುತ್ತದೆ. ಒಣ ಕಸ ಎಂದರೆ ಹಾಳಿ, ರಟ್ಟು, ಬಾಟಲಿ, ಡಬ್ಬಿ, ಹಾಲಿನ ಪಾಕೀಟು. ಹಾಲಿನ ಪಾಕೀಟನ್ನು ಚಿಗವ್ವ ತೊಳೆದು ಒಣಗಿಸಿ ಹಾಕುತ್ತಾಳೆ. ಕಸವನ್ನು ಯಾಕೆ ತೊಳೆಯಬೇಕು ಎಂದು ನನಗೆ ನಗು ಬಂದಿತ್ತು. ಆದರೆ ಸಾರು ಮೆತ್ತಿದ ಹಾಳಿ, ನಾರುವ ಪಾಕೀಟು ಮತ್ತೆ ಹೊಸ ವಸ್ತು ಮಾಡಲು ಬರುವುದಿಲ್ಲ, ಕೊಳ್ಳುವವರೂ ಇಲ್ಲ. ಒಂದು ಮುಷ್ಟಿ ಹಳಸಿದ ಅನ್ನ ಒಂದು ಬುಟ್ಟಿ ಚಲೋ ಹಾಳಿಯನ್ನು ಕೆಡಿಸುತ್ತದೆ. ಗಾಜು, ಕಬ್ಬಿಣ, ಅಲ್ಯೂಮಿನಿಯಂ ಇವನ್ನು ಎಷ್ಟು ಸಲ ಬೇಕಾದರೂ ಕರಗಿಸಿ ಹೊಸದು ಮಾಡಬಹುದಂತೆ. ಹಾಳಿ ಹಾಗಲ್ಲ, ಪ್ರತಿ ಸಲ ಅದರ ಎಳೆ ತುಂಡಾಗುತ್ತಾ ಹೋಗುತ್ತದೆ.

ಇನ್ನು ಡೈಪರ್, ಪ್ಯಾಡ್. ಇದನ್ನು ಗೋಡೆ ಮೇಲೆ ಬರೆಯಲು ನಾಚಿಕೆಯಾಯಿತು. "ನಿಯಮದಾಗ ಐತಿ, ಬರಿ" ಎಂದರು ಟೀಚರು. ಅವನ್ನು ಹಾಳಿಯಲ್ಲಿ ಸುತ್ತಿ ಬೇರೆ ಕೊಡಬೇಕು. ಹಳೆ ಬಲ್ಬು, ಸೆಲ್ಲು, ತಾರೀಖು ಮುಗಿದ ಗುಳಿಗಿ ಇವೂ ಬೇರೆ, ಯಾಕೆಂದರೆ ಇವುಗಳಲ್ಲಿ ವಿಷ ಇರುತ್ತದೆ. 2016ರಲ್ಲಿ ಕೇಂದ್ರ ಸರ್ಕಾರ ಮಾಡಿದ ಘನತ್ಯಾಜ್ಯ ನಿಯಮದಲ್ಲಿ ಕಸವನ್ನು ಮನೆಯಲ್ಲೇ ಮೂರು ಪಾಲು ಮಾಡಬೇಕು ಎಂದಿತ್ತು. 2026ರ ಹೊಸ ನಿಯಮ ಅದನ್ನು ನಾಲ್ಕು ಪಾಲು ಮಾಡಿದೆ.

ಇದೆಲ್ಲ ಪ್ಯಾಟಿಯವರ ಮಾತು, ಹೊಂಬಳದ ನಮಗೇನು ಎಂದು ನೀವು ಕೇಳಬಹುದು. ಪ್ಯಾಟಿಯವರ ಕಸ ಪ್ಯಾಟಿಯಲ್ಲೇ ಉಳಿಯುವುದಿಲ್ಲ. ಬೆಂಗಳೂರಿನ ಹತ್ತಿರ ಮಂಡೂರು ಎಂಬ ಹಳ್ಳಿ ಇದೆ. ಬೆಂಗಳೂರಿನ ಕಸವನ್ನು ವರ್ಷಗಟ್ಟಲೆ ಲಾರಿಗಳಲ್ಲಿ ತಂದು ಅಲ್ಲಿ ಸುರಿದರು. ಹಸಿ ಒಣ ಎಲ್ಲ ಕೂಡಿಸಿ ಗುಡ್ಡದಂತೆ ಒಟ್ಟಿದರೆ ಒಳಗೆ ಗಾಳಿ ಆಡುವುದಿಲ್ಲ. ಆಗ ಮೀಥೇನ್ ಎಂಬ ಅನಿಲ ಹುಟ್ಟುತ್ತದೆ. ಗೋಬರ್ ಗ್ಯಾಸಿನಲ್ಲಿ ಉರಿಯುವುದೂ ಇದೇ. ಅದಕ್ಕೆ ಕಸದ ಗುಡ್ಡಕ್ಕೆ ಬೆಂಕಿ ಹತ್ತಿದರೆ ಆರುವುದೇ ಕಷ್ಟ. ಕೆಳಗಿನಿಂದ ಕರಿ ನೀರು ಇಳಿದು ಬಾವಿ, ಬೋರಿನ ನೀರು ಕೆಡುತ್ತದೆ. 2012ರಲ್ಲಿ ಮಾವಳ್ಳಿಪುರ ಎಂಬ ಇನ್ನೊಂದು ಹಳ್ಳಿಯಲ್ಲಿ ಕಸ ಹಾಕುವುದು ನಿಂತು, ಬೆಂಗಳೂರಿನ ರಸ್ತೆಯಲ್ಲೇ ಕಸ ಬಿತ್ತು. ಆ ವರ್ಷದ ಅಕ್ಟೋಬರ್ 1ರಿಂದ ಅಲ್ಲಿ ಕಸ ಬೇರೆ ಮಾಡುವುದು ಕಡ್ಡಾಯವಾಯಿತು. 2014ರಲ್ಲಿ ಮಂಡೂರಿನ ಜನ ರಸ್ತೆಗೆ ಇಳಿದರು. ಆ ವರ್ಷದ ಕೊನೆಗೆ ಅಲ್ಲಿಯೂ ಕಸ ಹಾಕುವುದು ನಿಂತಿತು. 2015ರ ಡಿಸೆಂಬರದಲ್ಲಿ ಹೈಕೋರ್ಟು ಪ್ರತಿ ಮನೆಗೂ ಎರಡು ಬುಟ್ಟಿ ಒಂದು ಚೀಲ ಇರಲಿ ಎಂದಿತು. ಪ್ಯಾಟಿಯವರಿಗೆ ಬುದ್ಧಿ ಬರಲು ಹಳ್ಳಿಯವರು ರಸ್ತೆಯಲ್ಲಿ ಕೂಡ್ರಬೇಕಾಯಿತು ಎಂದು ನನಗೆ ಅನ್ನಿಸುತ್ತದೆ.

ನಮ್ಮ ಅಜ್ಜನಿಗೆ ಇದನ್ನು ಓದಿ ಹೇಳಿದೆ. "ನಮ್ಮ ಕಾಲಕ್ಕ ಬ್ಯಾರೆ ಮಾಡೂದು ಇರಲೇ ಇಲ್ಲ. ಎಲ್ಲಾ ತಿಪ್ಪಿಗೆ, ತಿಪ್ಪಿಯಿಂದ ಹೊಲಕ್ಕ" ಅಂದ. ಸೆಗಣಿ, ಬೂದಿ, ಮೇವಿನ ಕಡ್ಡಿ, ಸಿಪ್ಪಿ, ಎಲ್ಲ ಕೊಳೆಯುವಂಥದೇ ಇತ್ತು. ಈಗ ನಮ್ಮ ತಿಪ್ಪಿ ಕೆದರಿದರೆ ಶಾಂಪೂ ಪಾಕೀಟು, ಚಿಪ್ಸಿನ ಪಾಕೀಟು, ಹರಿದ ಕ್ಯಾರಿಬ್ಯಾಗು. ಹೋದ ಬೇಸಿಗೆಯಲ್ಲಿ ಅಪ್ಪ ಎರಿ ಹೊಲಕ್ಕೆ ಚಕ್ಕಡಿಯಲ್ಲಿ ಗೊಬ್ಬರ ಹೇರಿದಾಗ ನಾನು ಮತ್ತು ತಮ್ಮ ಎರಡು ದಿನ ಪ್ಲಾಸ್ಟಿಕ್ ಆರಿಸಿದೆವು. ಆಕಳ ಹೊಟ್ಟೆಗೆ ಹೋದ ಪ್ಲಾಸ್ಟಿಕ್ ಕರಗುವುದಿಲ್ಲ, ಅಲ್ಲೇ ಗಂಟಾಗಿ ಉಳಿಯುತ್ತದೆ. ಸುಟ್ಟರೆ ಹೊಗೆ ವಿಷ. ಆದರೂ ನಾವು ಚಳಿಗಾಲದಲ್ಲಿ ಸುಟ್ಟು ಅದರ ಸುತ್ತ ಕುಂತು ಕೈ ಕಾಸುತ್ತೇವೆ. ನಾನೂ ಕಾಸಿದ್ದೇನೆ.

ಊರಿಗೆ ಬಂದವಳೇ ಹಿತ್ತಲ ಬಾಗಿಲಿಗೆ ಒಂದು ಹಳೆ ಗೊಬ್ಬರದ ಚೀಲ ಕಟ್ಟಿ ಒಣ ಕಸ ಹಾಕತೊಡಗಿದೆ. ಅವ್ವ "ಇದನ್ನ ಯಾರಿಗೆ ಕೊಡತೀ? ಇಲ್ಲೇನು ಹಾಡಿನ ಗಾಡಿ ಬರತೈತೇನು?" ಅಂದಳು. ಮೊನ್ನೆ ಮೋಡಕಾ ಸಾಮಾನಿನವ ಬಂದಾಗ ಚೀಲ ತೋರಿಸಿದೆ. ಬಾಟಲಿ, ರಟ್ಟು, ತಗಡು ತೂಗಿ ತಗೊಂಡು ಹನ್ನೆರಡು ರೂಪಾಯಿ ಕೊಟ್ಟ. ಶಾಂಪೂ, ಚಿಪ್ಸಿನ ಪಾಕೀಟು ಮಾತ್ರ ಬ್ಯಾಡ ಅಂದ. ಅವುಗಳಲ್ಲಿ ಬೇರೆ ಬೇರೆ ಪದರು ಅಂಟಿಕೊಂಡಿರುವುದರಿಂದ ಬಿಡಿಸಿ ಕರಗಿಸಲು ಬರುವುದಿಲ್ಲ ಎಂದು ಟೀಚರು ಹೇಳಿದರು. ಅವು ಇನ್ನೂ ಚೀಲದಲ್ಲೇ ಇವೆ. ಅರ್ಧ ಚೀಲ ಆಗಿದೆ.