ಮೂರು ಊರು, ಮೂರು ಕಾರು

ಭಾನುವಾರ ಬೆಳಿಗ್ಗೆ ಮದ್ದೂರಿನಲ್ಲಿ ವಡೆ ತಿನ್ನಲು ನಿಂತವರ ಮಾತಿಗೆ ಕಿವಿಗೊಟ್ಟರೆ ಒಂದು ವಾಗ್ವಾದ ತಪ್ಪದೆ ಕೇಳಿಬರುವುದು. ‘ನನ್ನ ಕಾರು ಹತ್ತು ಸೆಕೆಂಡಿನಲ್ಲಿ ನೂರು ಮುಟ್ಟುತ್ತದೆ’ ಎಂದು ಒಬ್ಬ ತರುಣ. ‘ನನ್ನದು ಒಂಬತ್ತರಲ್ಲೇ ಮುಟ್ಟುತ್ತದೆ’ ಎಂದು ಇನ್ನೊಬ್ಬ. ಪಕ್ಕದಲ್ಲಿ ಕಾಫಿ ಕುಡಿಯುತ್ತ ನಿಂತ ತಂದೆಗೆ ಕೇಳಬೇಕೆನಿಸುವ ಪ್ರಶ್ನೆಯೇ ಬೇರೆ: ‘ಮುಟ್ಟುವುದಿರಲಿ ಮಗು, ತಿರುಗುವುದು ಹೇಗೆ? ನಿಲ್ಲುವುದು ಹೇಗೆ?’

ಹಿಂಬದಿಯ ಬಾಗಿಲು ಮೇಲಕ್ಕೆ ತೆರೆದುಕೊಳ್ಳುವ ಪುಟ್ಟ ಕಾರಿಗೆ ಹ್ಯಾಚ್‌ಬ್ಯಾಕ್ ಎಂದು ಹೆಸರಷ್ಟೆ. ಅದೇ ಒಡಲಿನಲ್ಲಿ ಅಧಿಕ ಶಕ್ತಿಯ ಎಂಜಿನ್ನನ್ನು ಕೂಡಿಸಿ, ಸ್ಪ್ರಿಂಗುಗಳನ್ನೂ ಬ್ರೇಕುಗಳನ್ನೂ ಅದಕ್ಕೆ ತಕ್ಕಂತೆ ಬಿಗಿಗೊಳಿಸಿದರೆ ಅದು ‘ಹಾಟ್ ಹ್ಯಾಚ್’ ಎನಿಸಿಕೊಳ್ಳುತ್ತದೆ. ವಾರವೆಲ್ಲ ಶಾಲೆಯ ಮಕ್ಕಳನ್ನೂ ತರಕಾರಿಯ ಚೀಲವನ್ನೂ ಹೊತ್ತು, ರಜೆಯ ದಿನ ಓಟದ ಕುದುರೆಯಾಗುವ ವಾಹನವಿದು. ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪೆನಿ 1975ರ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿಟ್ಟ, 110 ಅಶ್ವಶಕ್ತಿಯ ‘ಗಾಲ್ಫ್ ಜಿಟಿಐ’ ಈ ಕುಲಕ್ಕೆ ಕೀರ್ತಿ ತಂದಿತು.

ನಮ್ಮ ದೇಶದಲ್ಲಿ ಈ ಕುಲದ ಮೂರು ಕಾರುಗಳು ತರುಣರ ಮನಸ್ಸನ್ನು ಸೆಳೆದವು: 2013ರ ‘ಪೋಲೋ ಜಿಟಿ ಟಿಎಸ್‌ಐ’, 2015ರ ‘ಅಬಾರ್ತ್ ಪುಂಟೊ’, 2017ರ ‘ಬಲೇನೊ ಆರ್‌ಎಸ್’. ಮೂರರ ತಯಾರಿಕೆಯೂ ಈಗ ನಿಂತಿದೆ. ಆದರೂ ಹಳೆಯ ಕಾರುಗಳ ಮಾರುಕಟ್ಟೆಯಲ್ಲಿ ಇವನ್ನು ಹುಡುಕುವವರು ಇದ್ದೇ ಇದ್ದಾರೆ. ಇವುಗಳ ಸ್ವಭಾವವನ್ನು ಅರಿಯಲು ಮಂಡ್ಯ, ಮದ್ದೂರು, ಮಳವಳ್ಳಿಗಳ ರಸ್ತೆಗಳೇ ಸಾಕು.

ಮೊದಲು ಮಂಡ್ಯದ ಪೇಟೆ. ಆಟೋರಿಕ್ಷಾ, ಸೈಕಲ್ಲು, ಹಾದಿಯುಬ್ಬುಗಳ ನಡುವೆ ಕಾರು ತೆವಳಬೇಕು. ಪೋಲೋಗೆ ಇಲ್ಲಿ ಮೊದಲ ಸ್ಥಾನ. 105 ಅಶ್ವಶಕ್ತಿಯ ಈ ಕಾರಿನ ಏಳು ಗೇರುಗಳು ತಾವಾಗಿಯೇ ಬದಲಾಗುವುದರಿಂದ ಎಡಗಾಲಿಗೆ ಪೂರ್ಣ ವಿಶ್ರಾಂತಿ. ಬಲೇನೊ ಮೂರು ಸಿಲಿಂಡರುಗಳ, 102 ಅಶ್ವಶಕ್ತಿಯ ಕಾರು. ತೂಕ ಕೇವಲ 950 ಕಿಲೋಗ್ರಾಂ ಇರುವುದರಿಂದ ಸಂದುಗೊಂದಿಗಳಲ್ಲಿ ನುಸುಳಲು ಹಗುರ. ಚೇಳಿನ ಲಾಂಛನವನ್ನು ಹೊತ್ತ ಅಬಾರ್ತ್‌ನದು 145 ಅಶ್ವಶಕ್ತಿ. ಪೇಟೆಯ ನಿಧಾನ ಅದರ ಜಾಯಮಾನಕ್ಕೆ ಒಗ್ಗದು. ಎಂಜಿನ್ನಿಗೆ ಹೆಚ್ಚಿನ ಗಾಳಿಯನ್ನು ತುಂಬುವ ಟರ್ಬೊ ಮೂರರಲ್ಲೂ ಉಂಟು. ಆದರೆ ಅಬಾರ್ತ್‌ನಲ್ಲಿ ಅದು ನಿದ್ರೆಯಿಂದೆದ್ದಂತೆ ತಡವಾಗಿ ಎಚ್ಚೆತ್ತು, ಎದ್ದೊಡನೆ ಬಲವಾಗಿ ನೂಕುತ್ತದೆ. ನೆಲಕ್ಕೂ ಕಾರಿನ ಹೊಟ್ಟೆಗೂ 155 ಮಿಲಿಮೀಟರ್ ಮಾತ್ರವೇ ಅಂತರವಿರುವುದರಿಂದ ಉಬ್ಬುಗಳಲ್ಲಿ ಎಚ್ಚರ ಬೇಕು.

ಇನ್ನು ಮಂಡ್ಯದಿಂದ ಮದ್ದೂರಿನತ್ತ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿ ಊರುಗಳನ್ನು ಬಳಸಿ ನೇರವಾಗಿ ಸಾಗುತ್ತದೆ. ಅಲ್ಲಿ ಪೋಲೋ ಮತ್ತು ಅಬಾರ್ತ್ ನೆಲವನ್ನು ಅವಚಿಕೊಂಡಂತೆ ಓಡುತ್ತವೆ. ಹಗುರವಾದ ಬಲೇನೊದಲ್ಲಿ ಗಾಳಿಯ ತಳ್ಳಾಟ ತುಸು ಹೆಚ್ಚು ತಿಳಿಯುತ್ತದೆ. ವ್ಯತ್ಯಾಸ ಅಷ್ಟೇ. ನೇರ ಹಾದಿಯಲ್ಲಿ ಕಾರಿನ ಗುಣಕ್ಕಿಂತ ಚಾಲಕನ ಕಾಲಿನ ಸಂಯಮಕ್ಕೇ ಪರೀಕ್ಷೆ. ಅಪಘಾತಗಳು ಒಂದರ ಮೇಲೊಂದು ನಡೆದ ಕಾರಣ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳನ್ನೂ ಆಟೋರಿಕ್ಷಾಗಳನ್ನೂ ಟ್ರಾಕ್ಟರುಗಳನ್ನೂ ಅಲ್ಲಿಂದ ಹೊರಗಿಡಬೇಕಾಯಿತು. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಕಾರು ಪ್ರತಿ ಸೆಕೆಂಡಿಗೆ ಸುಮಾರು 28 ಮೀಟರ್ ದಾಟುತ್ತದೆ. ಕಣ್ಣು ಕಂಡದ್ದನ್ನು ಕಾಲು ತಿಳಿಯುವಷ್ಟರಲ್ಲಿ ಅಷ್ಟು ನೆಲ ಹಿಂದಾಗಿರುತ್ತದೆ!

ನಿಜವಾದ ಪರೀಕ್ಷೆ ಮದ್ದೂರಿನಿಂದ ಮಳವಳ್ಳಿಯ ಕಡೆಗೆ ಹೊರಳಿದ ಮೇಲೆ. ದಾರಿಯಲ್ಲಿ ಕೆ. ಎಂ. ದೊಡ್ಡಿ; ಅಲ್ಲಿ ಸಕ್ಕರೆ ಕಾರ್ಖಾನೆ. ಕಬ್ಬು ಅರೆಯುವ ಕಾಲದಲ್ಲಿ ತಿರುವಿನಾಚೆ ಏನಿದೆಯೆಂದು ಬಲ್ಲವರಾರು? ಎತ್ತಿನ ಗಾಡಿಯಿರಬಹುದು, ಹಿಂದೆ ದೀಪವಿಲ್ಲದ ಟ್ರಾಕ್ಟರಿರಬಹುದು, ಮೇಯಲು ಹೊರಟ ಕುರಿಮಂದೆಯಿರಬಹುದು.

ಈ ಮೂರು ಕಾರುಗಳಲ್ಲೂ ಎಳೆಯುವ ಕೆಲಸ, ತಿರುಗುವ ಕೆಲಸ ಎರಡೂ ಮುಂದಿನ ಚಕ್ರಗಳವೇ. ತಿರುವನ್ನು ಅತಿವೇಗದಲ್ಲಿ ಹೊಕ್ಕರೆ ಆ ಚಕ್ರಗಳ ಹಿಡಿತ ಸೋತು, ಸ್ಟೇರಿಂಗ್ ಎಷ್ಟು ತಿರುಗಿಸಿದರೂ ಕಾರು ಹೊರಬದಿಗೇ ಸರಿಯುತ್ತದೆ. ಬೆದರಿ ಥಟ್ಟನೆ ಕಾಲೆತ್ತಿದರೆ ಭಾರವೆಲ್ಲ ಮುಂದಕ್ಕೆ ವಾಲಿ, ಹಿಂಬದಿ ಹಗುರವಾಗಿ ಜಾರಲೂಬಹುದು. ಆದುದರಿಂದ ತಿರುವಿಗೆ ಮೊದಲೇ ವೇಗವನ್ನಿಳಿಸಿ, ತಿರುವನ್ನು ದಾಟುತ್ತ ಮೆಲ್ಲನೆ ಶಕ್ತಿ ಕೊಡುವುದು ಬಲ್ಲವರ ಕ್ರಮ.

ಇಲ್ಲಿ ಪೋಲೋ ಸಮಾಧಾನಿಯಾದ ಹಿರಿಯಣ್ಣನಂತೆ. ಮಿತಿ ಮೀರುವ ಮುನ್ನ ಮೃದುವಾಗಿ ಎಚ್ಚರಿಸುತ್ತದೆ. ಜಾರಾಟವನ್ನು ತಡೆಯುವ ವಿದ್ಯುನ್ಮಾನ ವ್ಯವಸ್ಥೆಯೂ ಅದಕ್ಕುಂಟು. ಬಲೇನೊ ಚುರುಕಾದ ತಮ್ಮ. ಹಗುರವಾದ ಮೈಯನ್ನು ಅತ್ತಿತ್ತ ಸಲೀಸಾಗಿ ಹೊರಳಿಸುತ್ತದೆ, ನಾಲ್ಕೂ ಚಕ್ರಗಳಿಗೆ ಡಿಸ್ಕ್ ಬ್ರೇಕು. ಅಬಾರ್ತ್ ಮುಂಗೋಪದ ಸೋದರಮಾವ. ಮಾತು ಒರಟು, ಆದರೆ ಸತ್ಯ. ತೈಲದ ಒತ್ತಡದಿಂದ ನಡೆಯುವ ಅದರ ತೂಕದ ಸ್ಟೇರಿಂಗ್ ರಸ್ತೆಯ ಪ್ರತಿಯೊಂದು ಕಲ್ಲಿನ ಸುದ್ದಿಯನ್ನೂ ಅಂಗೈಗೆ ಮುಟ್ಟಿಸುತ್ತದೆ. ಓಡಿಸುವ ಆನಂದಕ್ಕೆ ಅಬಾರ್ತ್, ಸಂಸಾರಕ್ಕೆ ಪೋಲೋ, ಮಿತವ್ಯಯಕ್ಕೆ ಬಲೇನೊ ಎಂದರೆ ತಪ್ಪಾಗಲಾರದು.

ಆದರೆ ಒಂದು ಮಾತು. ಈ ಜಿಲ್ಲೆಯ ಹೊಲಗಳಿಗೆ ಜೀವ ಕೊಟ್ಟ ವಿಶ್ವೇಶ್ವರಯ್ಯ ನಾಲೆಯೇ ಜೀವಗಳನ್ನು ಕೊಂಡೊಯ್ದದ್ದೂ ಉಂಟು. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯಲ್ಲಿ ಬಸ್ಸೊಂದು ನಾಲೆಗುರುಳಿ 30 ಮಂದಿ ತೀರಿಕೊಂಡರು. ಅವರಲ್ಲಿ ಶಾಲೆಯ ಮಕ್ಕಳೂ ಇದ್ದರು. ಏರಿಯ ಅಂಚಿನಲ್ಲಿ ತಪ್ಪಿಗೆ ಎರಡನೆಯ ಅವಕಾಶವಿಲ್ಲ. ವೇಗ ಇಮ್ಮಡಿಯಾದರೆ ಬ್ರೇಕು ಒತ್ತಿದ ಮೇಲೆ ನಿಲ್ಲಲು ಬೇಕಾಗುವ ದೂರ ನಾಲ್ಕು ಪಟ್ಟಾಗುತ್ತದೆ. ಚೇಳಿನ ಲಾಂಛನವಾಗಲಿ ಜರ್ಮನಿಯ ಹೆಸರಾಗಲಿ ಈ ಲೆಕ್ಕವನ್ನು ಬದಲಿಸವು.

ಹಾಗಾದರೆ ಮೂರರಲ್ಲಿ ಗೆದ್ದದ್ದು ಯಾವುದು? ತೀರ್ಪನ್ನು ಹಿಂದಿನ ಸೀಟಿನಲ್ಲಿ ಕುಳಿತ ಮನೆಯಾಕೆಗೇ ಬಿಡುವುದು ಲೇಸು. ಮದ್ದೂರಿನಲ್ಲಿ ಆಕೆಯ ಮಡಿಲಲ್ಲಿ ಮಲಗಿದ ಮಗು ಮಳವಳ್ಳಿಯವರೆಗೂ ಎಚ್ಚರಗೊಳ್ಳದಿದ್ದರೆ ಕಾರೂ ಒಳ್ಳೆಯದು, ಓಡಿಸಿದವನೂ ಒಳ್ಳೆಯವನು.