ಅಲ್ಲಿ ಗಲ್ಲು, ಇಲ್ಲಿ ಜೀವಾವಧಿ: ಶಿಕ್ಷೆಯ ದಿನ ನಾವು ಕೂಗೋದು ಯಾರಿಗಾಗಿ?

ಆವತ್ತು ಸೋಮವಾರ, 2025ರ ಜನವರಿ 20. ಊಟ ಮುಗಿಸಿ ಸೀಟಿಗೆ ಬಂದು ಕೂತಿದ್ದೆ ಅಷ್ಟೇ, ಫೋನ್ ಒಂದೇ ಸಮ ಸದ್ದು ಮಾಡೋಕೆ ಶುರುವಾಯ್ತು. ಕೋಲ್ಕತ್ತದ ಆರ್.ಜಿ. ಕರ್ ವೈದ್ಯಕೀಯ ಕಾಲೇಜಿನ ಯುವ ವೈದ್ಯೆಯ ಅತ್ಯಾಚಾರ ಮತ್ತು ಕೊಲೆ ಪ್ರಕರಣದಲ್ಲಿ ಸಿಯಾಲ್‌ದಾ ಕೋರ್ಟ್ ಶಿಕ್ಷೆ ಪ್ರಕಟಿಸಿತ್ತು. ಅಪರಾಧಿಗೆ ಕೊನೆಯುಸಿರಿನವರೆಗೆ ಜೈಲು. ಗಲ್ಲು ಇಲ್ಲ.

ನಮ್ಮ ಆಫೀಸ್ ಗ್ರೂಪಿನಲ್ಲಿ ಹತ್ತು ನಿಮಿಷಕ್ಕೆ ನೂರು ಮೆಸೇಜ್. 'ಇದೇನು ನ್ಯಾಯ?', 'ಹದಿನಾಲ್ಕು ವರ್ಷಕ್ಕೆ ಹೊರಗೆ ಬರ್ತಾನೆ ನೋಡ್ತಾ ಇರಿ', 'ಜಡ್ಜ್ ಮಗಳಾಗಿದ್ರೆ ಗೊತ್ತಾಗ್ತಿತ್ತು'. ನಾನೂ ಬರೆದೆ: 'ಇಷ್ಟೇನಾ?' ಜೊತೆಗೆ ಕೆಂಪು ಮುಖದ ಮೂರು ಎಮೋಜಿ.

ಅಷ್ಟರಲ್ಲಿ ಇನ್ನೊಂದು ಸುದ್ದಿಯೂ ಹರಿದಾಡ್ತಿತ್ತು. ಅದೇ ದಿನ ಕೇರಳದ ನೆಯ್ಯಾಟಿಂಕರ ಕೋರ್ಟು, ಪ್ರಿಯಕರನಿಗೆ ಕಷಾಯದಲ್ಲಿ ಕಳೆನಾಶಕ ಬೆರೆಸಿ ಕೊಟ್ಟು ಕೊಂದ 24 ವರ್ಷದ ಯುವತಿಗೆ ಗಲ್ಲು ವಿಧಿಸಿತ್ತು. ಒಂದೇ ದಿನ, ಎರಡು ಕೋರ್ಟು, ಎರಡು ಶಿಕ್ಷೆ. ಎರಡೂ ಫೋಟೋಗಳನ್ನು ಅಕ್ಕಪಕ್ಕ ಇಟ್ಟು ಯಾರೋ ಕಳಿಸಿದ್ರು. 'ಅಲ್ಲಿ ಗಲ್ಲು, ಇಲ್ಲಿ ಜೀವಾವಧಿ. ವಾಹ್ ಇಂಡಿಯಾ!' ಅಂತ ಕೆಳಗೆ ಬರೆದಿತ್ತು. ಸ್ಕೋರ್ ಬೋರ್ಡ್ ನೋಡಿದ ಹಾಗೆ ನೋಡಿದ್ವಿ.

ಸಂಜೆ ಕ್ಯಾಬಿನಲ್ಲಿ ಕೂತು ಅಮ್ಮನಿಗೆ ಫೋನ್ ಮಾಡಿದೆ. ದೊಡ್ಡಮ್ಮ ನಮ್ಮನೆಗೆ ಬಂದಿದ್ರು. ಟಿವಿಯಲ್ಲಿ ಇದೇ ಸುದ್ದಿ ನೋಡ್ತಿದ್ರಂತೆ. ಫೋನ್ ತಗೊಂಡು ಒಂದೇ ಪ್ರಶ್ನೆ ಕೇಳಿದ್ರು.

'ಆ ಡಾಕ್ಟ್ರು ಹುಡುಗಿ ಅಪ್ಪ ಅಮ್ಮ ಏನಂದ್ರಂತೆ ಕಣೆ?'

ನನಗೆ ಗೊತ್ತಿರಲಿಲ್ಲ. ಮಧ್ಯಾಹ್ನದಿಂದ ನೂರಾರು ಮೆಸೇಜ್ ಓದಿದ್ದೆ, ಹತ್ತಾರು ಮೆಸೇಜ್ ಕಳಿಸಿದ್ದೆ. ಅವಳ ಹೆತ್ತವರು ಏನಂದ್ರು ಅಂತ ಮಾತ್ರ ನೋಡಿರಲಿಲ್ಲ.

ಹೆತ್ತವರು ಕೇಳಿದ್ದೇ ಬೇರೆ

ಆಮೇಲೆ ಹುಡುಕಿ ಓದಿದೆ. ಕೋರ್ಟ್ ಆ ಕುಟುಂಬಕ್ಕೆ 17 ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ರಾಜ್ಯ ಸರ್ಕಾರಕ್ಕೆ ಹೇಳಿತ್ತು. ನಮಗೆ ದುಡ್ಡು ಬೇಡ, ನ್ಯಾಯ ಬೇಕು ಅಂತ ಹೆತ್ತವರು ಅಲ್ಲೇ ಹೇಳಿದ್ದರು. ತೀರ್ಪಿನಿಂದ ಅವರಿಗೂ ನೋವಾಗಿತ್ತು. ಆದರೆ ಅವರ ದೊಡ್ಡ ದೂರು ಶಿಕ್ಷೆಯದ್ದಲ್ಲ, ತನಿಖೆಯದ್ದು. ಇದರಲ್ಲಿ ಒಬ್ಬನೇ ಇಲ್ಲ, ಉಳಿದವರನ್ನೂ ಹಿಡಿಯಿರಿ ಅನ್ನೋದು ಅವರ ಮಾತು.

ಮುಂದೆ ರಾಜ್ಯ ಸರ್ಕಾರವೂ ಸಿಬಿಐಯೂ ಗಲ್ಲು ಬೇಕು ಅಂತ ಕಲ್ಕತ್ತ ಹೈಕೋರ್ಟಿಗೆ ಹೋದವು. ಆಗ ಹೆತ್ತವರ ವಕೀಲರು, ಇವರು ಅವನಿಗೆ ಗಲ್ಲು ಕೇಳ್ತಾ ಇಲ್ಲ ಅಂತಲೇ ಹೇಳಿದರು. ನಾವು ಅವರ ಪರವಾಗಿ ಕೂಗ್ತಿದ್ದೀವಿ ಅಂದುಕೊಂಡಿದ್ವಿ. ಅವರು ಕೇಳ್ತಿದ್ದದ್ದು ಬೇರೆಯೇ ಆಗಿತ್ತು.

ಹಾಗಂತ ಎಲ್ಲ ಮನೆಯವರೂ ಹೀಗೇ ಇರ್ತಾರೆ ಅಂತಲ್ಲ. ನಿರ್ಭಯಾ ಪ್ರಕರಣದಲ್ಲಿ ತಾಯಿ ಗಲ್ಲಿಗಾಗಿಯೇ ಏಳು ವರ್ಷ ಕೋರ್ಟಿಂದ ಕೋರ್ಟಿಗೆ ಅಲೆದರು. 2013ರ ಸೆಪ್ಟೆಂಬರಿನಲ್ಲಿ ಕೆಳಗಿನ ಕೋರ್ಟ್ ಗಲ್ಲು ಹೇಳಿತು, 2020ರ ಮಾರ್ಚ್ 20ರ ಬೆಳಗಿನ ಜಾವ ಅದು ಜಾರಿಯಾಯ್ತು. ಅವರ ಹಟದ ಬಗ್ಗೆ ಮಾತಾಡೋ ಹಕ್ಕು ನನಗಿಲ್ಲ. ಕೇರಳದ ಹುಡುಗನ ಮನೆಯವರೂ ತೀರ್ಪಿಗೆ ಧನ್ಯವಾದ ಹೇಳಿದರು. ಕಳೆದುಕೊಂಡವರು ಒಬ್ಬೊಬ್ಬರು ಒಂದೊಂದು ಕೇಳ್ತಾರೆ. ಕಳೆದುಕೊಳ್ಳದ ನಾವು ಮಾತ್ರ ಯಾವಾಗಲೂ ಒಂದನ್ನೇ ಕೇಳ್ತೀವಿ.

ನಮ್ಮ ಮನೆಯ ಆ ದಿನ

ದೊಡ್ಡಮ್ಮ ಆ ಪ್ರಶ್ನೆ ಕೇಳೋಕೆ ಕಾರಣ ಇದೆ.

2012ರಲ್ಲಿ ನಮ್ಮ ದೊಡ್ಡಪ್ಪನ ಕೊಲೆಯಾಯ್ತು. ಜಮೀನಿನ ಬದುವಿನ ಮೇಲಿದ್ದ ಒಂದು ತೆಂಗಿನಮರದ ಜಗಳ. ಕೊಂದವನು ಪಕ್ಕದ ಜಮೀನಿನವನು, ನಮ್ಮನೆ ಹಬ್ಬಕ್ಕೆ ಬಂದು ಉಂಡು ಹೋಗ್ತಿದ್ದವನು. ಅವನ ದೊಡ್ಡ ಮಗಳು ಹೈಸ್ಕೂಲಲ್ಲಿ ನನ್ನ ಪಕ್ಕದ ಬೆಂಚಿನವಳು.

ನಾಲ್ಕು ವರ್ಷ ಕೇಸು ನಡೀತು. ತಪ್ಪಿತಸ್ಥ ಅಂತ ತೀರ್ಪಾದ ಎರಡು ದಿನಕ್ಕೆ ಶಿಕ್ಷೆ ಹೇಳ್ತೀವಿ ಅಂದ್ರು. ಆವತ್ತು ನಾನೂ ಹೋಗಿದ್ದೆ. ಟಿವಿಯವರಿಲ್ಲ, ಮೈಕ್ ಇಲ್ಲ, ಮೇಣದಬತ್ತಿ ಇಲ್ಲ. ನಮ್ಮ ಕಡೆಯವರು ಎಂಟು ಜನ, ಅವನ ಕಡೆಯವರು ನಾಲ್ಕು ಜನ, ಬೇರೆ ಬೇರೆ ಕೇಸಿಗೆ ಬಂದು ಬಾಗಿಲಲ್ಲಿ ನಿಂತಿದ್ದ ಜನ.

ನ್ಯಾಯಾಧೀಶರು ಅವನನ್ನು ಕೇಳಿದ್ರು, ಶಿಕ್ಷೆ ಬಗ್ಗೆ ಏನಾದ್ರೂ ಹೇಳೋದಿದ್ಯಾ ಅಂತ. ಅವನು ಕೈ ಮುಗಿದು, 'ವಯಸ್ಸಾದ ತಾಯಿ ಇದಾರೆ ಸ್ವಾಮಿ, ಎರಡು ಮಕ್ಕಳಿದಾರೆ' ಅಂದ. ನನ್ನ ಪಕ್ಕ ಕೂತಿದ್ದ ಅಣ್ಣ ಹಲ್ಲು ಕಚ್ಚಿ, 'ನಮ್ಮನೇಲಿ ಇರ್ಲಿಲ್ವಾ ಮಕ್ಕಳು?' ಅಂದ. ನನಗೂ ಅದೇ ಅನ್ನಿಸ್ತು. ಸುಳ್ಳು ಹೇಳಲ್ಲ, ಆ ಕ್ಷಣ ಅವನಿಗೆ ಗಲ್ಲಾಗಲಿ ಅಂತಲೇ ಬೇಡಿಕೊಂಡೆ.

ಜೀವಾವಧಿ ಆಯ್ತು. ಹೊರಗೆ ಬಂದಾಗ ನಮ್ಮ ನೆಂಟರೊಬ್ಬರು ಕಾರಿಡಾರಿನಲ್ಲೇ ಜೋರು ಮಾಡಿದ್ರು. ವಕೀಲರು ಸರಿಯಾಗಿ ವಾದ ಮಾಡಲಿಲ್ಲ, ಎಲ್ಲ ಮಾರ್ಕೊಂಡಿದಾರೆ ಅಂತ ಕೂಗಿದ್ರು. ದೊಡ್ಡಮ್ಮನ ಹತ್ರ ಬಂದು, 'ನಿಮ್ಮೆಜಮಾನರ ಜೀವಕ್ಕೆ ಇಷ್ಟೇ ಬೆಲೆನಾ ಅತ್ತಿಗೆ?' ಅಂದ್ರು.

ದೊಡ್ಡಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡ್ರು. 'ಬೆಲೆ ಕಟ್ಟೋಕೆ ಸಂತೆಗೆ ಬಂದಿದ್ವಾ ನಾವು?' ಅಂದ್ರು. ಆಮೇಲೆ ಸರ್ಕಾರಿ ವಕೀಲರ ಹತ್ರ ಹೋಗಿ ಕೇಳಿದ್ದು ಒಂದೇ: 'ಇನ್ಮೇಲೆ ನಾವು ಇಲ್ಲಿಗೆ ಬರೋ ಹಾಗಿಲ್ಲ ತಾನೇ?'

ಅವನು ಹೈಕೋರ್ಟಿಗೆ ಅಪೀಲು ಹಾಕ್ತಾನೆ, ಅದು ಅವನ ಹಕ್ಕು ಅಂತ ವಕೀಲರು ಮೆಲ್ಲಗೆ ಹೇಳಿದಾಗ ಅವರು ಗೋಡೆಗೆ ಒರಗಿ ಕೂತುಬಿಟ್ರು. ಗಲ್ಲಾಗಲಿಲ್ಲ ಅಂತಲ್ಲ. ಇನ್ನೂ ಮುಗಿಯಲಿಲ್ಲ ಅಂತ.

ಜೀವಾವಧಿ ಅಂದ್ರೆ ಹದಿನಾಲ್ಕು ವರ್ಷ ಅಲ್ಲ

ಆ ಸೋಮವಾರದ ನಂತರ ಒಂದಷ್ಟು ಓದಿದೆ, ಪರಿಚಯದ ವಕೀಲೆಯೊಬ್ಬರನ್ನು ಕೇಳಿದೆ. ನನಗೆ ಗೊತ್ತಿಲ್ಲದೇ ಕೂಗಿದ್ದು ಎಷ್ಟೊಂದಿತ್ತು!

ಮೊದಲನೆಯದು, ನಮ್ಮ ಕಾನೂನಿನಲ್ಲಿ 'ತಪ್ಪಿತಸ್ಥ' ಅನ್ನೋದು ಒಂದು ಹಂತ, 'ಏನು ಶಿಕ್ಷೆ' ಅನ್ನೋದು ಇನ್ನೊಂದು. ಎರಡನೇ ಹಂತದಲ್ಲಿ ಅಪರಾಧಿಯ ಮಾತು ಕೇಳಲೇಬೇಕು. ಅದು ಜಡ್ಜ್ ತೋರಿಸೋ ಕರುಣೆ ಅಲ್ಲ, ಕಾನೂನೇ ಹೇಳಿರೋದು. ಕೊಲೆಗೆ ಇರೋದು ಎರಡೇ ಶಿಕ್ಷೆ, ಜೀವಾವಧಿ ಅಥವಾ ಮರಣದಂಡನೆ. ಜೀವಾವಧಿಯೇ ನಿಯಮ, ಗಲ್ಲು ಅಪರೂಪದಲ್ಲಿ ಅಪರೂಪದ ಪ್ರಕರಣಕ್ಕೆ ಮಾತ್ರ ಅಂತ ಸುಪ್ರೀಂ ಕೋರ್ಟ್ 1980ರ ಬಚ್ಚನ್ ಸಿಂಗ್ ಪ್ರಕರಣದಲ್ಲಿ ಹೇಳಿತು. ಗಲ್ಲು ಕೊಡುವ ಮುಂಚೆ ಅಪರಾಧಿಯ ಮನೆ ಹಿನ್ನೆಲೆ, ಮಾನಸಿಕ ಸ್ಥಿತಿ, ಜೈಲಿನ ನಡತೆ ಎಲ್ಲ ತರಿಸಿ ನೋಡಬೇಕು ಅಂತ 2022ರಲ್ಲಿ ಮತ್ತೆ ಬಿಗಿ ಮಾಡಿತು.

ಎರಡನೆಯದು, ಕೆಳಗಿನ ಕೋರ್ಟ್ ಗಲ್ಲು ಅಂದ ತಕ್ಷಣ ಗಲ್ಲಲ್ಲ. ಹೈಕೋರ್ಟ್ ಖಚಿತ ಮಾಡೋವರೆಗೆ ಅದು ಜಾರಿಯಾಗೋ ಹಾಗಿಲ್ಲ. ಅಂದ್ರೆ ನಾವು ಫೋನಿನಲ್ಲಿ ಪಟಾಕಿ ಹೊಡೆದ ದಿನ ಆ ಮನೆಯವರ ಪಾಲಿಗೆ ಇನ್ನೊಂದು ಕೋರ್ಟಿನ ಓಡಾಟ ಶುರುವಾದ ದಿನ.

ಮೂರನೆಯದು, ಆ ಹದಿನಾಲ್ಕು ವರ್ಷ. ಜೀವಾವಧಿ ಅಂದ್ರೆ ಜೀವ ಇರೋವರೆಗೆ. ಗಲ್ಲಿಗೂ ಅರ್ಹವಾಗಿದ್ದ ಅಪರಾಧಕ್ಕೆ ಜೀವಾವಧಿ ಆದವರನ್ನು 14 ವರ್ಷ ತುಂಬುವ ಮುಂಚೆ ಕ್ಷಮಾದಾನ ಕೊಟ್ಟು ಬಿಡೋ ಹಾಗಿಲ್ಲ ಅನ್ನೋದಷ್ಟೇ ನಿಯಮ. ತುಂಬಿದ ಮೇಲೆ ಬಿಡಲೇಬೇಕು ಅಂತಲ್ಲ.

ಇದಕ್ಕೊಂದು ಬೆಂಗಳೂರಿನ ಕಥೆಯೇ ಇದೆ. ರಿಚ್ಮಂಡ್ ರಸ್ತೆಯ ಮನೆಯಲ್ಲಿ ಹೆಂಡತಿಯನ್ನು ಜೀವಂತ ಹೂತ ಶ್ರದ್ಧಾನಂದನ ಪ್ರಕರಣ ನೀವು ಕೇಳಿರಬಹುದು. ಅವನಿಗೆ ಗಲ್ಲಾಗಿತ್ತು. 2007ರಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳಲ್ಲಿ ಒಬ್ಬರು ಗಲ್ಲು ಅಂದ್ರು, ಇನ್ನೊಬ್ಬರು ಜೀವಾವಧಿ ಅಂದ್ರು. 2008ರಲ್ಲಿ ಮೂವರ ಪೀಠ ಹೊಸ ದಾರಿ ಹುಡುಕಿತು: ಗಲ್ಲು ಬೇಡ, ಆದರೆ ಬದುಕಿರೋವರೆಗೆ ಬಿಡುಗಡೆಯೂ ಇಲ್ಲ. ದೇಶದ ಎಷ್ಟೋ ಪ್ರಕರಣಗಳಲ್ಲಿ ಆಮೇಲೆ ಈ ದಾರಿಯನ್ನೇ ಬಳಸಿದ್ದಾರೆ.

ನಮ್ಮ ಕೂಗು ಕೋರ್ಟಿಗೆ ಕೇಳಿಸುತ್ತಾ?

'ಗ್ರೂಪಿನಲ್ಲಿ ಕೋಪ ತೀರಿಸಿಕೊಂಡ್ರೆ ಯಾರಿಗೇನು ನಷ್ಟ?' ಅಂತ ಟೀಮಿನ ಹುಡುಗನೊಬ್ಬ ಕೇಳಿದ. ನನಗೂ ಮೊದಲು ಹಾಗೇ ಅನ್ನಿಸಿತ್ತು.

ಆದರೆ ಕೋರ್ಟುಗಳೇ ಈ ವಿಷಯದಲ್ಲಿ ಒಂದೇ ಮಾತು ಆಡಿಲ್ಲ. 1983ರ ಮಚ್ಛಿ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸಮಾಜದ ಸಾಮೂಹಿಕ ಆತ್ಮಸಾಕ್ಷಿಗೆ ಆಘಾತವಾದಾಗ ಜನ ಮರಣದಂಡನೆ ನಿರೀಕ್ಷಿಸ್ತಾರೆ ಅಂದಿತ್ತು. 2009ರ ಬರಿಯಾರ್ ಪ್ರಕರಣದಲ್ಲಿ, ಜನಾಭಿಪ್ರಾಯ ಅನ್ನೋದು ಅಪರಾಧಕ್ಕೂ ಅಪರಾಧಿಗೂ ಸಂಬಂಧಿಸಿದ್ದಲ್ಲ ಅಂತ ಎಚ್ಚರಿಸಿತು. ಸಿಯಾಲ್‌ದಾ ಕೋರ್ಟಿನ ನ್ಯಾಯಾಧೀಶ ಅನಿರ್ಬಾಣ್ ದಾಸ್ ಅವರೂ, ಜನರ ಒತ್ತಡಕ್ಕೆ ಮಣಿಯಬಾರದು ಅಂತ ತಮ್ಮ ತೀರ್ಪಿನಲ್ಲಿ ಬರೆದರು. ಆ ಒಂದು ಸಾಲಿಗೆ ಅವರಿಗೆ ಸಿಕ್ಕಿದ್ದು ಬೈಗುಳ.

ಕೇರಳದಲ್ಲಿ ಇದರ ಉಲ್ಟಾ. ಗಲ್ಲು ಕೊಟ್ಟ ನ್ಯಾಯಾಧೀಶರ ಕಟೌಟಿಗೆ ಹಾಲಿನ ಅಭಿಷೇಕ ಮಾಡೋಕೆ ಪುರುಷರ ಸಂಘಟನೆಯೊಂದು ತಿರುವನಂತಪುರದಲ್ಲಿ ಹೊರಟಿತು, ಪೊಲೀಸರು ತಡೆದರು. ಕಟೌಟ್, ಹಾಲು ಅಂದ್ರೆ ನಮಗೆ ಹೊಸದೇನಲ್ಲ. ಆದರೆ ಫಸ್ಟ್ ಡೇ ಫಸ್ಟ್ ಶೋಗೆ ಮಾಡೋದನ್ನ ಒಂದು ಮರಣದಂಡನೆಗೆ ಮಾಡೋದು ನೆನೆದ್ರೆ ಹೊಟ್ಟೆಯಲ್ಲಿ ಏನೋ ಆಗುತ್ತೆ. ನಾಳೆ ಇನ್ನೊಂದು ಕೇಸಿನಲ್ಲಿ ಕೂತ ಜಡ್ಜ್ ಈ ಹಾಲನ್ನೂ ಆ ಬೈಗುಳವನ್ನೂ ಎರಡನ್ನೂ ನೋಡಿರ್ತಾರೆ. ನೋಡಿಯೂ ಸಾಕ್ಷ್ಯವನ್ನಷ್ಟೇ ನೋಡಿ ಅಂತ ನಾವು ಅವರಿಂದ ಬಯಸ್ತೀವಿ.

ನನ್ನ ಕ್ಯಾಬಿನಲ್ಲಿ ಕೂರೋ ಗಾರ್ಡ್

ಇನ್ನೊಂದು ವಿಷಯ. ನೈಟ್ ಶಿಫ್ಟಿದ್ದಾಗ, ಕೊನೆಯ ಡ್ರಾಪ್ ನನ್ನದಾದ್ರೆ, ಕ್ಯಾಬಿನ ಮುಂದಿನ ಸೀಟಿನಲ್ಲಿ ಒಬ್ಬ ಗಾರ್ಡ್ ಇರ್ತಾರೆ. ಮನೆ ಗೇಟು ತೆಗೆದು ಒಳಗೆ ಹೋಗೋವರೆಗೆ ನಿಂತಿರ್ತಾರೆ. ಎಷ್ಟೋ ಸಲ ಇದೊಂದು ಕಿರಿಕಿರಿ ಅಂತ ಗೊಣಗಿದ್ದೀನಿ.

2005ರ ಡಿಸೆಂಬರಿನಲ್ಲಿ ಬೆಂಗಳೂರಿನ ಒಬ್ಬ ಕಾಲ್ ಸೆಂಟರ್ ಉದ್ಯೋಗಿ ರಾತ್ರಿ ಪಾಳಿಗೆ ಹೊರಟು, ಕರೆದೊಯ್ಯಲು ಬಂದ ಕ್ಯಾಬ್ ಚಾಲಕನಿಂದಲೇ ಕೊಲೆಯಾದಳು. ಆಗಲೂ ಗಲ್ಲು ಗಲ್ಲು ಅಂತ ಕೂಗು ಎದ್ದಿತ್ತು. ಫಾಸ್ಟ್ ಟ್ರ್ಯಾಕ್ ಕೋರ್ಟ್ ಅನ್ನಿಸಿಕೊಂಡ ಕೋರ್ಟಿನಲ್ಲೇ ಶಿಕ್ಷೆ ಆಗಿದ್ದು 2010ರಲ್ಲಿ. ಸುಪ್ರೀಂ ಕೋರ್ಟಿನಲ್ಲಿ ಕೊನೆಯ ಮಾತು ಬಂದದ್ದು 2023ರ ಮಾರ್ಚ್ 28ಕ್ಕೆ: 30 ವರ್ಷ ಬಿಡುಗಡೆ ಇಲ್ಲದ ಜೈಲು. ಆವತ್ತು ನಮ್ಮ ಗ್ರೂಪಿನಲ್ಲಿ ಒಂದು ಮೆಸೇಜೂ ಬರಲಿಲ್ಲ. ನಮ್ಮದೇ ಊರಿನ, ನಮ್ಮಂಥದೇ ಕೆಲಸದ ಹುಡುಗಿ.

ಆ ಸಾವಿನಿಂದ ಶಿಕ್ಷೆಯ ಜೊತೆಗೆ ಇನ್ನೊಂದು ಆಯ್ತು. ರಾತ್ರಿ ಕ್ಯಾಬಿನ ಬಗ್ಗೆ ಕಂಪನಿಗಳು ಎಚ್ಚೆತ್ತುಕೊಂಡವು, ನಿಯಮ ಬಿಗಿಯಾದವು. ನನ್ನನ್ನು ದಿನಾ ಮನೆ ಸೇರಿಸ್ತಿರೋದು ಅದು.

ನಮ್ಮ ಟೀಮಿನಲ್ಲಿ ಕೋಲ್ಕತ್ತದ ಹುಡುಗಿಯೊಬ್ಬಳಿದ್ದಾಳೆ. ಜನವರಿ 20ರಂದು ಅವಳು ಗ್ರೂಪಿನಲ್ಲಿ ಏನೂ ಬರೆದಿರಲಿಲ್ಲ. ಮರುದಿನ ಕಾಫಿಗೆ ಕರೆದುಕೊಂಡು ಹೋಗಿ ಕೇಳಿದೆ, ನಿನಗೇನನ್ನಿಸ್ತು ಅಂತ. ಅವಳ ಅಕ್ಕ ಅಲ್ಲೇ ಬೇರೊಂದು ಆಸ್ಪತ್ರೆಯಲ್ಲಿ ಪಿಜಿ ಮಾಡ್ತಿದ್ದಾಳಂತೆ. ಆ ವೈದ್ಯೆ 36 ಗಂಟೆಯ ಡ್ಯೂಟಿ ಮಧ್ಯೆ ಒಂದಿಷ್ಟು ಮಲಗೋಕೆ ಅಂತ ಹೋಗಿದ್ದು ಸೆಮಿನಾರ್ ಹಾಲಿಗೆ.

'ಅವನಿಗೆ ಏನು ಶಿಕ್ಷೆ ಅಂತ ಎಲ್ಲರೂ ಕೇಳಿದ್ರು' ಅಂದಳು. 'ನನ್ನಕ್ಕ ಇವತ್ತು ರಾತ್ರಿ ಡ್ಯೂಟಿಯಲ್ಲಿ ಎಲ್ಲಿ ಮಲಗ್ತಾಳೆ ಅಂತ ಯಾರೂ ಕೇಳಲಿಲ್ಲ.'

ಆವತ್ತಿನಿಂದ ನಾನು ಕೋಪ ಮಾಡಿಕೊಳ್ಳೋದು ಬಿಟ್ಟಿಲ್ಲ. ಇಂಥ ಸುದ್ದಿ ಬಂದ್ರೆ ಈಗಲೂ ಮೈ ಉರಿಯುತ್ತೆ. ಆದರೆ ಏನಾದ್ರೂ ಟೈಪ್ ಮಾಡೋ ಮುಂಚೆ ದೊಡ್ಡಮ್ಮನ ಪ್ರಶ್ನೆಗೆ ಉತ್ತರ ಹುಡುಕ್ತೀನಿ. ಮನೆಯವರು ಏನಂದ್ರು? ಹುಡುಕೋಕೆ ಐದು ನಿಮಿಷ ಸಾಕು. ಆಮೇಲೆ ಇನ್ನೊಂದು ಪ್ರಶ್ನೆ: ಅದೇ ಜಾಗದಲ್ಲಿ, ಅದೇ ಕೆಲಸದಲ್ಲಿ ಇವತ್ತು ಇರೋ ಹುಡುಗಿಗೆ ಏನು ಬದಲಾಗಿದೆ?

ನಿಮ್ಮ ಮನೆಯಲ್ಲೋ ಪರಿಚಯದವರಲ್ಲೋ ಯಾರಾದ್ರೂ ಇಂಥ ಒಂದು ದಿನ ಕೋರ್ಟಿನ ಬೆಂಚಿನ ಮೇಲೆ ಕೂತಿದ್ರೆ, ಅವರು ಆವತ್ತು ಏನು ಕೇಳಿದ್ರು? ಬರೆದು ತಿಳಿಸಿ. ದೊಡ್ಡಮ್ಮನಿಗೆ ಓದಿ ಹೇಳ್ತೀನಿ.